ದೊಡ್ಡ ಆಸ್ಕರ್ ಮೀನಿನ ಬ್ರೀಡಿಂಗ್ ಪೇರ್ ಅಂಗಡೀಲಿ ರೆಡಿಯಾಗಿ ಸಿಕ್ರೆ ತಗೋಬಹುದಾ?

ಮನೇಲಿ ಐದಡಿ ಟ್ಯಾಂಕ್ ಇದೆ, ಅಂಗಡಿಯವ್ರು ದೊಡ್ಡ ಆಸ್ಕರ್ ಎರಡು ತೋರ್ಸಿ ಇದು ಗಂಡು ಇದು ಹೆಣ್ಣು, ಪಕ್ಕಾ ಪೇರ್, 4,500 ಕೊಡಿ ಅಂತಿದಾರೆ, ತಗೊಳ್ಲಾ ಅಂತ ಕೇಳಿದೀರಿ. ಬರೀ ಬಾಯಿಮಾತಿನ ಮೇಲೆ ತಗೋಬೇಡಿ. ನಾನೂ ಮೈಸೂರಲ್ಲೇ ಇರೋದು, ಬಹಳ ವರ್ಷದಿಂದ ಆಸ್ಕರ್ ಸಾಕ್ತಿದೀನಿ, ಸುಮ್ನೆ ಗಾಜಿನಾಚೆಯಿಂದ ನೋಡಿ ಗಂಡ್ಯಾವ್ದು ಹೆಣ್ಯಾವ್ದು ಅಂತ ಯಾರಿಗೂ ಹೇಳಕ್ಕಾಗಲ್ಲ. ಬಣ್ಣ, ಫಿನ್ನು, ತಲೆ ಎಲ್ಲಾ ಎರಡಕ್ಕೂ ಒಂದೇ ಥರ. ಗೊತ್ತಾಗೋದು ಮೊಟ್ಟೆ ಇಡೋ ಟೈಮ್ ಹತ್ರ ಬಂದಾಗ ಮಾತ್ರ, ಆಗ ಹೊಟ್ಟೆ ಕೆಳಗೆ ಒಂದು ಚಿಕ್ಕ ಕೊಳವೆ ಹೊರಗೆ ಬರತ್ತೆ, ಹೆಣ್ಣಿಂದು ದಪ್ಪ ಮೊಂಡು, ಗಂಡಿಂದು ಸಣ್ಣ ಚೂಪು.

ಹೋಗ್ಲಿ ಗಂಡು ಹೆಣ್ಣೇ ಅಂತ ಇಟ್ಕೊಳಿ, ಆದ್ರೂ ಅವೆರಡು ಒಪ್ಪಬೇಕಲ್ಲ. ಆಸ್ಕರ್ ತನ್ನ ಜೋಡೀನ ತಾನೇ ಆರ್ಸ್ಕೊಳ್ಳೋ ಮೀನು, ನಾವು ಬಲವಂತವಾಗಿ ಒಂದೇ ಟ್ಯಾಂಕಿಗೆ ಹಾಕಿದ್ರೆ ಒಂದು ಇನ್ನೊಂದನ್ನ ಮೂಲೆಗೆ ತಳ್ಳಿ ಕಚ್ಚಿ ಕಚ್ಚಿ ಸಾಯ್ಸಿಬಿಡಬಹುದು.

ಅದಕ್ಕೇ ನನ್ನ ಮಾತು ಕೇಳಿ, ಎರಡರಿಂದ ಮೂರು ಇಂಚಿನ ಮರಿ ಆರು ತಗೊಳಿ. ಎಲ್ಲಾ ಒಂದೇ ಅಂಗಡೀಲಿ ಬೇಡ, ಎರಡು ಕಡೆ ತಗೊಂಡ್ರೆ ಒಂದೇ ತಾಯಿ ಮರಿಗಳಾಗೋ ಚಾನ್ಸ್ ಕಮ್ಮಿ. ಸೈಜು ಸುಮಾರಾಗಿ ಸಮ ಇರ್ಲಿ. ಬೆನ್ನು ಡೊಂಕು, ಕಿವಿರಿನ ಮುಚ್ಚಳ ಮೊಟಕು, ಹೊಟ್ಟೆ ಒಳಕ್ಕೆ ಹೋಗಿರೋದು, ತಲೆ ಮೇಲೆ ಗುಳಿ ಇರೋದು ಎಷ್ಟೇ ಚೀಪಾಗಿ ಕೊಟ್ರೂ ಬೇಡ. ಟೈಗರ್, ರೆಡ್, ಆಲ್ಬಿನೋ (ಮೈಬಣ್ಣ ಇಲ್ಲದ ಬಿಳಿ ಥರದ್ದು) ಎಲ್ಲಾ ಒಂದೇ ಜಾತಿ, ಯಾವ್ದಾದ್ರೂ ಆಗತ್ತೆ, ಆದ್ರೆ ಬ್ಲೂಬೆರಿ ಸ್ಟ್ರಾಬೆರಿ ಅಂತ ಮಾರೋದು ಬಣ್ಣ ಹಾಕಿರೋ ಆಲ್ಬಿನೋ, ಆ ಮೀನಿಗೆ ಹಿಂಸೆ ಕೊಟ್ಟು ಮಾಡಿರೋದು, ದಯವಿಟ್ಟು ಅದನ್ನ ಕೊಂಡ್ಕೋಬೇಡಿ.

ಚೆನ್ನಾಗಿ ಪೆಲೆಟ್, ಎರೆಹುಳ, ಸೀಗಡಿ ಹಾಕಿ ನೀರು ಚೇಂಜ್ ಮಾಡ್ತಿದ್ರೆ ಒಂದು ಒಂದೂವರೆ ವರ್ಷಕ್ಕೆ ಎಂಟಿಂಚು ದಾಟ್ತಾವೆ. ಆಗ ನೋಡ್ತಾ ಇರಿ, ಯಾವ್ದೋ ಎರಡು ಒಂದು ಮೂಲೆ ಹಿಡ್ಕೊಂಡು ಉಳಿದವನ್ನ ಓಡ್ಸಕ್ಕೆ ಶುರು ಮಾಡ್ತಾವೆ, ಒಂದರ ಮುಂದೆ ಒಂದು ನಿಂತು ಮೈ ನಡುಗಿಸ್ತಾವೆ, ಬಾಲದಲ್ಲಿ ಹೊಡ್ಕೋತಾವೆ, ಬಾಯಿಗೆ ಬಾಯಿ ಕಚ್ಕೊಂಡು ಎಳೆದಾಡ್ತಾವೆ. ಬಾಯಿ ಕಚ್ಚೋದು ನೋಡಿ ಜಗಳ ಅಂತ ತಕ್ಷಣ ಬೇರೆ ಮಾಡ್ಬೇಡಿ, ಎರಡೂ ಸಮವಾಗಿ ನಿಂತು ಸ್ವಲ್ಪ ಹೊತ್ತಿಗೆ ಬಿಟ್ರೆ ಒಳ್ಳೇ ಲಕ್ಷಣ, ಒಂದು ಮೀನು ಇನ್ನೊಂದರಿಂದ ತಪ್ಪಿಸ್ಕೊಂಡು ಓಡ್ತಾನೇ ಇದ್ರೆ, ಫಿನ್ ಹರಿದಿದ್ರೆ ಮಾತ್ರ ಬೇರೆ ಮಾಡಿ. ಆಮೇಲೆ ಚಪ್ಪಟೆ ಕಲ್ಲನ್ನ ಉಜ್ಜಿ ಕ್ಲೀನ್ ಮಾಡಕ್ಕೆ ಶುರು ಮಾಡಿದ್ವು ಅಂದ್ರೆ ಜೋಡಿ ಆಯ್ತು. ಉಳಿದ ನಾಲ್ಕನ್ನ ಅಷ್ಟೊತ್ತಿಗೆ ಬೇರೆ ಮನೆಗೆ ಕಳಿಸ್ಬೇಕು, ಐದಡಿ ಉದ್ದ ಎರಡಡಿ ಅಗಲದ ಟ್ಯಾಂಕ್ ಒಂದು ಜೋಡಿಗೆ ಸಾಕು, ಆರಕ್ಕೆ ಖಂಡಿತ ಸಾಲಲ್ಲ.

ಅಷ್ಟು ದಿನ ಕಾಯಕ್ಕಾಗಲ್ಲ, ಆ ಜೋಡೀನೇ ಬೇಕು ಅಂದ್ರೆ ಅಂಗಡಿಯವ್ರನ್ನ ಮೊಟ್ಟೆ ಇಟ್ಟಿದ್ಯಾ ಅಂತ ಕೇಳ್ಬೇಡಿ, ಮರಿ ಈಜಿದ್ಯಾ ಅಂತ ಕೇಳಿ. ಯಾಕಂದ್ರೆ ಎರಡು ಹೆಣ್ಣೂ ಜೋಡಿ ಥರ ಇದ್ದು ಮೊಟ್ಟೆ ಇಡ್ತಾವೆ, ಅದು ಮರಿಯಾಗಲ್ಲ, ಬೂಷ್ಟು ಹಿಡಿದು ಹೋಗತ್ತೆ. ಮಧ್ಯ ಗಾಜು ಇಲ್ದೆ ಎರಡೂ ಒಟ್ಟಿಗಿರೋದನ್ನ ಎರಡ್ಮೂರು ಸಲ ಬೇರೆ ಬೇರೆ ದಿನ ಹೋಗಿ ಕಣ್ಣಾರೆ ನೋಡಿ. ಮೊದಮೊದಲ ಮೊಟ್ಟೆ ತಿಂದುಬಿಡೋದು ಮಾಮೂಲಿ, ಅಷ್ಟಕ್ಕೇ ಜೋಡಿ ಸರಿ ಇಲ್ಲ ಅಂದ್ಕೋಬೇಡಿ.

ನಮ್ಮೂರಿಗೆ ಸಂಬಂಧಪಟ್ಟಿದ್ದು ಇನ್ನೆರಡು. ಡಿಸೆಂಬರ್ ಜನವರಿ ರಾತ್ರಿ ಇಲ್ಲಿ ಥಂಡಿ ಜಾಸ್ತಿ, ನೀರು 26ರಿಂದ 28 ಡಿಗ್ರಿ ಇರ್ಬೇಕು, ಹೀಟರ್ ಬೇಕೇಬೇಕು. ನಲ್ಲಿ ನೀರಲ್ಲಿ ಕ್ಲೋರಿನ್ ಇರತ್ತೆ, ಅದನ್ನ ತೆಗೀದೆ ನೇರ ಹಾಕ್ಬೇಡಿ.

ಮತ್ತೆ ಒಂದು ಸಲಕ್ಕೆ ಸಾವಿರಕ್ಕೂ ಮೇಲೆ ಮೊಟ್ಟೆ ಇಡಬಹುದು, ಅಷ್ಟು ಮರೀನ ಯಾರು ತಗೋತಾರೆ ಅಂತ ಅಂಗಡಿಗಳಲ್ಲಿ ಮೊದ್ಲೇ ಮಾತಾಡ್ಕೊಳಿ. ಜಾಸ್ತಿ ಆಯ್ತು ಅಂತ ಕುಕ್ಕರಹಳ್ಳಿ ಕೆರೆಗೋ ಕಾವೇರಿಗೋ ಬಿಡಬೇಡಿ, ಇದು ಅಮೆಜಾನ್ ಕಡೆ ಮೀನು, ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗತ್ತೆ, ಇಲ್ಲಿನ ಸಣ್ಣ ಮೀನುಗಳಿಗೆ ಉಳಿಗಾಲ ಇರಲ್ಲ.