ಮರದ ಮೊಟ್ಟೆ ಕೆತ್ತುವಾಗ ಕೈ ನಡುಗಿದರೆ?

ಪ್ರಶ್ನೆ: ಬಾಸ್‌ವುಡ್ ಎಂಬ ಮೆದು ಮರದ ಮೊಟ್ಟೆಗಳ ಮೇಲೆ ಚಿಪ್ ಕಾರ್ವಿಂಗ್ (ಚಾಕುವಿನಿಂದ ಸಣ್ಣ ಚಕ್ಕೆಗಳನ್ನು ಎಬ್ಬಿಸಿ ವಿನ್ಯಾಸ ಕೆತ್ತುವುದು) ಮಾಡುತ್ತೇನೆ. ಅರ್ಧ ಚೆನ್ನಾಗಿ ಬಂದ ಮೇಲೆ, ಎಲ್ಲಿ ಕೆಡಿಸಿಬಿಡ್ತೀನೋ ಅಂತ ಕೈ ನಡುಗುತ್ತದೆ. ಏನು ಮಾಡಲಿ?

ಉತ್ತರ: ಈ ಭಯ ಎಷ್ಟೋ ಸಲ ಮೊಂಡು ಚಾಕುವಿನಿಂದಲೇ ಬರುತ್ತದೆ. ಅಂಚು ಮೊಂಡಾದರೆ ಜಾಸ್ತಿ ಒತ್ತುತ್ತೀರಿ, ಒತ್ತಿದಾಗ ಜಾರುತ್ತದೆ, ಆಮೇಲೆ ಪ್ರತಿ ಗೀರಿಗೂ ಹೆದರಿಕೆ, ಅಲ್ವಾ? ಆಗಾಗ ಚರ್ಮದ ಪಟ್ಟಿಯ ಮೇಲೆ ಮಸೆಯಿರಿ. ಹೆಬ್ಬೆರಳು ಮರಕ್ಕೆ ತಾಗಿರಲಿ, ಅದೇ ಆಧಾರ. ಮೊಟ್ಟೆ ಹಿಡಿದ ಕೈಗೆ ಚಾಕು ತಾಗದಂಥ ಗ್ಲೌಸ್ ಬೇಕೇ ಬೇಕು. ತ್ರಿಕೋನದ ಮೂರು ಗೀರುಗಳು ತಳದಲ್ಲಿ ಸೇರಿದರೆ ಚಕ್ಕೆ ತಾನಾಗಿ ಎದ್ದು ಬರುತ್ತದೆ. ಬರದಿದ್ದರೆ ಸುಮ್ನೆ ಕೀಳಬೇಡಿ, ಅದೇ ಗೀರಿನಲ್ಲಿ, ಅದೇ ಓರೆಯಲ್ಲಿ ಚಾಕುವನ್ನು ನಿಧಾನವಾಗಿ ಇನ್ನೊಮ್ಮೆ ಎಳೆಯಿರಿ. ಮೊಟ್ಟೆಯ ಎರಡೂ ತುದಿಗಳಲ್ಲಿ ಮರದ ಎಳೆ ಅಡ್ಡ ಕಡಿದಿರುವುದರಿಂದ ಅಲ್ಲಿ ಕೆತ್ತುವುದು ಕಷ್ಟ. ಸುಸ್ತಾದಾಗ ಅಲ್ಲಿಗೆ ಹೋಗಲೇಬೇಡಿ.