ಜೋಳದ ದಂಟಿನ ಕಷಾಯ ಹೊಡೆದರೆ ಗ್ಲೈಫೋಸೇಟ್ ಬಿಡಬಹುದಾ?

ಕುಮಟಾ ಕಡೆ ಒಂದಿಷ್ಟು ಅಡಿಕೆ ತೋಟ, ಒಂದಿಷ್ಟು ಗದ್ದೆ ಇದೆ, ಜೋಳದ ದಂಟಿನ ಕಷಾಯಕ್ಕೆ ಹುಲ್ಲು ಸಾಯುತ್ತದಂತೆ, ಹೌದಾ, ಹಾಗಾದರೆ ಗ್ಲೈಫೋಸೇಟ್ ಎಂಬ ಕಳೆನಾಶಕ ಬಿಡಬಹುದಾ ಎಂದು ಕೇಳಿದ್ದೀರಿ. ನಾನು ಶಿರಸಿ ಕಡೆಯವನು, ತೋಟ ಮಾಡಿಕೊಂಡಿದ್ದೇನೆ. ನನ್ನ ಪ್ರಕಾರ ಗದ್ದೆಯಲ್ಲಿ ಒಂದು ಕೈ ನೋಡಬಹುದು. ತೋಟಕ್ಕೆ ಅದರ ಗೊಡವೆಯೇ ಬೇಡ.

ಹಾಗಂತ ವಿಷಯ ಸುಳ್ಳಲ್ಲ. ಜೋಳದ ಬೇರಿನಿಂದ ಸೋರ್ಗೊಲಿಯೋನ್ ಎಂಬ ಎಣ್ಣೆಯಂಥ ಪದಾರ್ಥ ಜಿನುಗುತ್ತದೆ. ಪಕ್ಕದ ಎಳೆ ಸಸಿಗಳು ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದನ್ನೇ ಅದು ತಡೆಯುತ್ತದೆ. ಅಂಗಡಿಯಲ್ಲಿ ಸಿಗುವ ಅಟ್ರಾಜಿನ್ ಎಂಬ ಕಳೆನಾಶಕ ಮಾಡುವುದೂ ಇದನ್ನೇ. ದಂಟು, ಎಲೆ ನೆನೆಸಿದಾಗ ನೀರಿಗೆ ಇಳಿಯುವುದು ಬೇರೆ, ಫಿನಾಲ್ ಜಾತಿಯ ಆಮ್ಲಗಳು. ಇವೂ ಎಳೆ ಸಸಿಗಳನ್ನು ಕುಗ್ಗಿಸುತ್ತವೆ. ಪಾಕಿಸ್ತಾನದ ಫೈಸಲಾಬಾದ್ ಕೃಷಿ ವಿಶ್ವವಿದ್ಯಾಲಯದವರು ಈ ನೀರಿಗೆ 'ಸೋರ್ಗಾಬ್' ಎಂದು ಹೆಸರಿಟ್ಟು ಗೋಧಿ ಹೊಲದಲ್ಲಿ ತುಂಬಾ ಪ್ರಯೋಗ ಮಾಡಿದ್ದಾರೆ. ಬಲಿತ ಜೋಳದ ಗಿಡ ಒಣಗಿಸಿ, ಸಣ್ಣಗೆ ಕತ್ತರಿಸಿ, 1 ಕಿಲೋಗೆ 10 ಲೀಟರ್ ನೀರಿನಂತೆ 24 ಗಂಟೆ ನೆನೆಸಿ, ಸೋಸಿ, ಇಪ್ಪತ್ತರಲ್ಲೊಂದು ಪಾಲು ಉಳಿಯುವವರೆಗೆ ಕಾಯಿಸುವುದು. ಬರೀ ಇದನ್ನೇ ಹೊಡೆದರೆ ಕಳೆ ತಗ್ಗುತ್ತದೆ, ಹೋಗುವುದಿಲ್ಲ. ಕಳೆನಾಶಕವನ್ನು ಅರ್ಧಕ್ಕೆ ಇಳಿಸಿ ಇದರ ಜೊತೆ ಕೊಟ್ಟಾಗ ಒಳ್ಳೆಯ ಫಲ ಸಿಕ್ಕಿದೆ. ಅಂದರೆ ಇದು ಔಷಧಿ ಉಳಿಸುವ ದಾರಿ, ಬಿಡಿಸುವ ದಾರಿಯಲ್ಲ.

ಆದರೆ ಫೈಸಲಾಬಾದ್ ಒಣ ಸೀಮೆ. ನಮ್ಮಲ್ಲಿ ಹುಲ್ಲು ಏಳುವುದೇ ಮಳೆಗಾಲದಲ್ಲಿ, ಕರಾವಳಿಯಲ್ಲಿ ವರ್ಷಕ್ಕೆ 3 ಸಾವಿರ ಮಿ.ಮೀ. ಆಸುಪಾಸು ಮಳೆ. ನೀರಲ್ಲಿ ಕರಗಿ ಬಂದದ್ದು ನೀರಲ್ಲೇ ಹೋಗುತ್ತದೆ, ಅಲ್ವಾ? ದಂಟನ್ನೂ ಬಯಲುಸೀಮೆಯಿಂದ ತರಬೇಕು. ಕಾಯಿಸುವ ಕಟ್ಟಿಗೆ ಬೇರೆ.

ತೋಟದ ಕಳೆಯ ಮೇಲಂತೂ ಇಂಥ ಕಷಾಯದ ಆಟ ನಡೆಯುವುದಿಲ್ಲ. ಜೇಕು ಎಂಬ ಕಳೆಯನ್ನು ಒಮ್ಮೆ ಗುದ್ದಲಿಯಲ್ಲಿ ಎಬ್ಬಿಸಿ ನೋಡಿ. ಕಪ್ಪು ಗಡ್ಡೆ, ಅದರಿಂದ ದಾರದಂಥ ಬೇರು, ಆ ಬೇರಿನ ತುದಿಗೆ ಮತ್ತೊಂದು ಗಡ್ಡೆ. ಮೇಲಿನ ಎಲೆ ಸುಟ್ಟರೆ ಹದಿನೈದು ದಿನದಲ್ಲಿ ಮತ್ತೆ ಹಸಿರು. ವಿನೆಗರ್, ಉಪ್ಪು ಕಲಸಿ ಹೊಡೆಯುವ ವಿಡಿಯೋಗಳನ್ನಂತೂ ನಂಬಬೇಡಿ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಉಪ್ಪು ನೇರ ಅಲ್ಲಿಗೇ ಇಳಿಯುತ್ತದೆ. ಅಕೇಶಿಯಾ ಬುಡದಲ್ಲಿ ಏನೂ ಬೆಳೆಯಲ್ಲ ಅಂತ ಅದರ ಎಲೆ ಕೊಳೆಸಿ ಹೊಡೆಯಲೂ ಹೋಗಬೇಡಿ. ಅಲ್ಲಿ ಹುಲ್ಲು ಬಾರದಿರುವುದಕ್ಕೆ ನೆರಳು, ದಪ್ಪ ದರಕು (ಉದುರಿದ ಒಣ ಎಲೆ) ಕೂಡ ಕಾರಣ.

ಆ ದರಕನ್ನೇ ತೋಟಕ್ಕೆ ತನ್ನಿ, ಯಾವ ಮರದ್ದಾದರೂ ಆಗಲಿ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ದರಕು ತರುವ ಕಾಡು) ಇದ್ದವರು ಮೊದಲಿನಿಂದ ಮಾಡುತ್ತಿದ್ದುದು ಇದನ್ನೇ. ಬೆಟ್ಟ ಇಲ್ಲದಿದ್ದರೆ ಅಡಿಕೆ ಸೋಗೆ, ತೆಂಗಿನ ಸಿಪ್ಪೆ ಹಾಸಿ. ಹಾಸು ದಪ್ಪಗಿದ್ದರೆ ಬೆಳಕು ಸಿಗದೆ ಬೀಜದ ಕಳೆ ಬಹುಪಾಲು ಅಡಗುತ್ತದೆ. ಉಳಿದದ್ದಕ್ಕೆ ಹೂ ಬಿಡುವ ಮೊದಲು ವೀಡ್ ಕಟರ್ ಓಡಿಸಿ. ಕಾಲುವೆ ಬದಿಯ ಒಂದೆಲಗಕ್ಕೆ ಬ್ಲೇಡ್ ತಾಗದಂತೆ ನೋಡಿಕೊಂಡರೆ ತಂಬುಳಿಗೂ ಆಯಿತು. ಗ್ಲೈಫೋಸೇಟ್ ಹೊಡೆದ ಕಡೆ ಅದನ್ನು ಕಿತ್ತು ತಿನ್ನುವ ಧೈರ್ಯ ನನಗಿಲ್ಲ. ಅಷ್ಟಕ್ಕೂ ಆ ಔಷಧಿಯ ಲೇಬಲ್ಲಿನಲ್ಲಿ ಇರುವುದು ಚಹಾ ತೋಟ, ಬೆಳೆಯಿಲ್ಲದ ಜಾಗ. ಅಡಿಕೆಯ ಹೆಸರೇ ಇಲ್ಲ.

ಇನ್ನು ಗದ್ದೆ. ಕಷಾಯ ಹೊಡೆಯಲೇಬೇಕು ಅನಿಸಿದರೆ ನಾಟಿ ಗದ್ದೆಯ ಒಂದು ಮೂಲೆಯಲ್ಲಿ, ಕಳೆ ಎರಡೆಲೆ ಇರುವಾಗಲೇ, ಮಳೆ ಬಿಟ್ಟು ಹೊಳವಾದ ದಿನ ನೋಡಿ ಹೊಡೆಯಿರಿ. ಬಿತ್ತಿದ ಗದ್ದೆಯಲ್ಲಿ ಬೇಡ, ಭತ್ತದ ಮೊಳಕೆಗೂ ಪೆಟ್ಟು ಬೀಳಬಹುದು. ಪಕ್ಕದಲ್ಲೇ ಬರೀ ನೀರು ಹೊಡೆದ ಒಂದು ತುಂಡು ಬಿಟ್ಟುಕೊಳ್ಳಿ. ಇಲ್ಲದಿದ್ದರೆ ಕಳೆ ತಗ್ಗಿದ್ದು ಕಷಾಯಕ್ಕೋ, ಗದ್ದೆಯಲ್ಲಿ ನಿಂತ ನೀರಿಗೋ ಗೊತ್ತಾಗುವುದಿಲ್ಲ.