ಸ್ವಂತ ಮನೆಗೆ ಬಂದ ಮೇಲೆ ಮಾತು ಬಿಟ್ಟ ಅತ್ತೆ

(ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ತುಮಕೂರಿನ ಸೊಸೆಯೊಬ್ಬರು ಅತ್ತೆಯನ್ನು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದಿದ್ದರು. ಅತ್ತೆಗೆ 67 ವರ್ಷ. ಆರು ತಿಂಗಳಿಂದ ಊಟ ಕಮ್ಮಿ, ನಿದ್ದೆ ಸರಿಯಿಲ್ಲ. ಏನು ಕೇಳಿದರೂ ‘ಹೂಂ’ ಅಷ್ಟೇ. “ಹೊಸ ಮನೆ ವಾಸ್ತು ಸರಿ ಇಲ್ಲ ಅಂತ ನೆಂಟರು ಹೇಳ್ತಾರೆ ಮೇಡಂ” ಅಂದರು ಸೊಸೆ.

ಮೂವತ್ತೈದು ವರ್ಷ ಚಿಕ್ಕಪೇಟೆಯ ಬಾಡಿಗೆ ಮನೆಯಲ್ಲಿದ್ದ ಕುಟುಂಬ. ಮಗ ಸಾಲ ಮಾಡಿ ರಿಂಗ್ ರೋಡ್ ಆಚೆ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದರು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ವಾಪಸ್ ಬರೋದು ರಾತ್ರಿ. ಸೊಸೆ ಟೀಚರ್. ಹಗಲೆಲ್ಲ ಅತ್ತೆ ಒಬ್ಬರೇ.

ಅವರ ಕೈಯಲ್ಲಿ ಒಂದು ಬಟ್ಟೆ ಚೀಲ ಇತ್ತು. ಮಡಿಸಿ ಮಡಿಸಿ ಅಂಗೈಯಷ್ಟು ಮಾಡಿಕೊಂಡಿದ್ದರು. ಹಿಡಿ ಸವೆದು ದಾರ ಬಿಟ್ಟಿತ್ತು. “ಅಮ್ಮಾ, ಇದನ್ನ ಹಿಡ್ಕೊಂಡು ಎಲ್ಲೆಲ್ಲಿ ಹೋಗ್ತಿದ್ರಿ?” ಅಂದೆ. ಆಗ ತಲೆ ಎತ್ತಿದರು. ಹಾಲಿನ ಬೂತು, ಹೂವಿನವಳು, ರೇಷನ್ ಅಂಗಡಿ, ದೇವಸ್ಥಾನದ ಜಗಲಿ, ರಾಗಿ ಹಿಟ್ಟು ಮಾಡಿಸೋ ಮಿಲ್ಲು. ಒಂದೊಂದಕ್ಕೂ ಒಂದೊಂದು ಬೆರಳು ಮಡಿಸಿದರು. “ಮಿಲ್ಲಿನವನು ಮೊಣಕಾಲು ನೋವು ಹೆಂಗಿದೆ ಅಂತ ಕೇಳ್ತಿದ್ದ. ಇಲ್ಲಿ ಪಾರ್ಕ್ ಅಂತ ಬೋರ್ಡ್ ಇದೆ, ಒಳಗೆ ಸೊಂಟದವರೆಗೆ ಪಾರ್ಥೇನಿಯಂ.”

ಎರಡನೇ ಸಲ ಮಗನೂ ಬಂದರು. “ಎಲ್ಲಾ ಫೋನಲ್ಲೇ ತರಿಸ್ತೀವಿ, ಅಮ್ಮ ಯಾಕೆ ಆಚೆ ಹೋಗ್ಬೇಕು?” ಅಂದರು. ಅವರಿಗೂ ನೋವಿತ್ತು. ಇಷ್ಟು ಕಷ್ಟಪಟ್ಟು ಕಟ್ಟಿದ ಮನೆ ಅಮ್ಮನಿಗೇ ಹಿಡಿಸಲಿಲ್ಲವಲ್ಲ ಅಂತ. ನಾನು ವಾದ ಮಾಡಲಿಲ್ಲ. ದಿನಕ್ಕೆ ಎಷ್ಟು ಜನ ಅಮ್ಮನನ್ನು ಹೆಸರು ಹಿಡಿದೋ ಅಕ್ಕಾ ಅಂತಲೋ ಮಾತಾಡಿಸುತ್ತಾರೆ, ಲೆಕ್ಕ ಹಾಕಿ ಅಂದೆ. ಚಿಕ್ಕಪೇಟೆಯಲ್ಲಿ ಹನ್ನೊಂದು ಜನ. ಇಲ್ಲಿ ಮನೆಯವರನ್ನು ಬಿಟ್ಟರೆ ಕಸದ ಗಾಡಿಯವರು ಒಬ್ಬರೇ. ಮಗ ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಮೊದಲು ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ಬಿ12, ಶುಗರ್ ನೋಡಿಸಲು ಹೇಳಿದೆ. ಕಿವಿಯನ್ನೂ ತೋರಿಸಿ ಅಂದೆ. ವಯಸ್ಸಾದವರು ಮಂಕಾಗಲು ಇವೂ ಕಾರಣ ಇರಬಹುದು, ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ‘ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಅನ್ನೋದನ್ನು ನಿಲ್ಲಿಸಿ ಅಂದೆ. ಅವರು ಕಳೆದುಕೊಂಡಿರುವುದು ಒಂದು ಬೀದಿಯನ್ನು, ಅದಕ್ಕೆ ದುಃಖ ಇದ್ದೇ ಇರುತ್ತೆ, ಅಲ್ವಾ?

ವಾರಕ್ಕೆ ಎರಡು ದಿನ ಚಿಕ್ಕಪೇಟೆಗೆ ಹೋಗಿ ಬರಲಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಸಿಟಿ ಬಸ್ಸಿನಲ್ಲಿ ಅವರಿಗೆ ದುಡ್ಡು ಬೇಕಿಲ್ಲ, ಆಧಾರ್ ತೋರಿಸಿದರೆ ಸಾಕು. ಮೊದಲ ಎರಡು ಸಲ ಸೊಸೆ ಜೊತೆಗೆ ಹೋಗಲಿ. ಪ್ಯಾಕೆಟ್ ಹಿಟ್ಟು ತರಬೇಡಿ, ರಾಗಿ ಅಮ್ಮನ ಕೈಯಲ್ಲೇ ಮಿಲ್ಲಿಗೆ ಹೋಗಲಿ. ಬಡಾವಣೆಯ ನಾಲ್ಕು ಮನೆಯವರು ಸೇರಿ ಬೀದಿ ದೀಪಕ್ಕೂ ಪಾರ್ಕಿಗೂ ಬರಹದಲ್ಲಿ ಅರ್ಜಿ ಕೊಡಿ ಎಂದೂ ಹೇಳಿದೆ.

‘ಬದುಕಿದ್ದು ಸಾಕು’ ಅನ್ನೋ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬಿ12 ಕಮ್ಮಿ ಇತ್ತು, ಅದಕ್ಕೆ ಔಷಧಿ ನಡೆದಿದೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಪಾರ್ಕಿನ ಕಳೆ ಹಾಗೇ ಇದೆ. ಕಳೆದ ಸಲ ಅತ್ತೆ ಬಂದಾಗ ಚೀಲ ಬಿಚ್ಚಿಕೊಂಡಿತ್ತು, ಒಳಗೆ ಬಿಸಿ ಆರದ ರಾಗಿ ಹಿಟ್ಟು. ನನಗೂ ಒಂದು ಪಾವು ಹಾಕಿಕೊಟ್ಟರು.